ಇಸ್ರೇಲಿ ಕಂಪನಿಗೆ ಕಾರ್ಡು ಕೊಡುವ ಮೊದಲು ಹೊಸೂರಿನವರು ಬರೆದಿಟ್ಟುಕೊಳ್ಳಬೇಕಾದ ಒಂದು ಹಾಳೆ

ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಇಸ್ರೇಲಿ ನಿಯೋಗದ ಜೊತೆ ಭೇಟಿಯಿದೆ ಎಂಬ ಸುದ್ದಿ ಬಂದರೆ ಸಾಕು, ಹೊಸೂರು, ಬಾಗಲೂರು, ಮತ್ತಿಗಿರಿ ಕಡೆಯಿಂದ ನಾಲ್ಕಾರು ಕಾರುಗಳು ಅತ್ತಿಬೆಲೆ ದಾಟುತ್ತವೆ. ಭಾಷಣ, ಊಟ, ಜೇಬು ತುಂಬ ವಿಸಿಟಿಂಗ್ ಕಾರ್ಡು. ತಿಂಗಳು ಕಳೆದರೂ ಕಳಿಸಿದ ಮೇಲ್‌ಗೆ ಉತ್ತರವಿಲ್ಲ. ಬಂದವರಿಗೆ ಸೊಕ್ಕು ಎಂದು ಬೈದುಕೊಳ್ಳುವವರಿದ್ದಾರೆ. ಸೊಕ್ಕಿನ ಮಾತಲ್ಲ ಇದು. ನಮ್ಮವರಲ್ಲಿ ಬಹಳಷ್ಟು ಮಂದಿ ಕೇಳುವುದು ಡೀಲರ್‌ಶಿಪ್. ಸಣ್ಣ ಇಸ್ರೇಲಿ ಕಂಪನಿ ಆ ಹಂತದಲ್ಲಿ ಡೀಲರನ್ನು ಹುಡುಕುತ್ತಲೇ ಇರುವುದಿಲ್ಲ.

ಇಡೀ ಇಸ್ರೇಲಿನ ಜನಸಂಖ್ಯೆ ಸುಮಾರು 1 ಕೋಟಿ. ಅಷ್ಟು ಸಣ್ಣ ಪೇಟೆಯನ್ನೇ ನೆಚ್ಚಿ ತಂತ್ರಜ್ಞಾನದ ಕಂಪನಿ ಬೆಳೆಯಲಾರದು, ಆದ್ದರಿಂದ ಶುರುವಾದಾಗಿನಿಂದಲೇ ಅದರ ಕಣ್ಣು ಹೊರದೇಶದ ಮೇಲೆ. ಅವರಲ್ಲಿ ಎಂಜಿನಿಯರುಗಳಿದ್ದಾರೆ, ಪ್ರಯೋಗಶಾಲೆಯಿದೆ, ಹೂಡಿಕೆದಾರರೂ ಸಿಗುತ್ತಾರೆ. ಇಲ್ಲದಿರುವುದು ಎರಡು: ತಮ್ಮ ಸಾಧನವನ್ನು ನಿಜವಾದ ಕಷ್ಟದಲ್ಲಿ ಪರೀಕ್ಷಿಸಲು ದೊಡ್ಡ ಜಾಗ, ಮತ್ತು 50 ಪೀಸಿನಿಂದ 5,000 ಪೀಸಿಗೆ ಏರುವಾಗ ಕಡಿಮೆ ಖರ್ಚಿನಲ್ಲಿ ಮಾಡಿಕೊಡುವ ಕೈ. ಹೊಸೂರು–ತಳಿ–ಡೆಂಕಣಿಕೋಟೆ ಪಟ್ಟಿಯಲ್ಲಿ ಎರಡೂ ಇವೆ. ಒಂದು ಕಡೆ ಗುಲಾಬಿಯ ಪಾಲಿಹೌಸುಗಳು, ಇನ್ನೊಂದು ಕಡೆ ಸರ್ಕಾರದ ಸಿಪ್ಕಾಟ್, ಸಿಡ್ಕೋ ಕೈಗಾರಿಕಾ ಎಸ್ಟೇಟುಗಳ ಮಷೀನ್ ಶಾಪುಗಳು. ಬೆಂಗಳೂರು 40 ಕಿಲೋಮೀಟರ್ ದೂರ. ಮಾರಬೇಕಾದದ್ದು ಇದನ್ನು. ಅದಕ್ಕೆ ಬೇಕಾದದ್ದು ನಮ್ಮ ಸಮಸ್ಯೆಯನ್ನು ಅಂಕಿಗಳಲ್ಲಿ ಹೇಳುವ ಒಂದು ಹಾಳೆ.

ಹಾಳೆಗೆ ಹೋಗುವ ಮೊದಲು ಯಾವ ವಸ್ತುವಿನ ಹಿಂದೆ ಬೀಳಬಾರದು ಎಂಬುದನ್ನು ಹೇಳಿಬಿಡುತ್ತೇನೆ. ಇಸ್ರೇಲ್ ಎಂದಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಡ್ರಿಪ್, ಅಂದರೆ ಹನಿ ನೀರಾವರಿ. ನೆಗೆವ್ ಮರುಭೂಮಿಯ ಹಟ್ಜೆರಿಮ್ ಕಿಬ್ಬುಟ್ಜ್‌ನಲ್ಲಿ (ಕಿಬ್ಬುಟ್ಜ್ ಎಂದರೆ ಸಾಮೂಹಿಕ ಹಳ್ಳಿ) 1965ರಲ್ಲಿ ನೆಟಾಫಿಮ್ ಶುರುವಾಯಿತು ಎಂಬುದು ನಿಜ. ಆದರೆ ಆ ಕಂಪನಿ 1990ರ ದಶಕದಿಂದಲೇ ಭಾರತದಲ್ಲಿದೆ, ವಡೋದರಾದಲ್ಲಿ ಅದರ ಕಾರ್ಖಾನೆಯಿದೆ. ಇನ್ನೊಂದು ಹಳೆಯ ಇಸ್ರೇಲಿ ಕಂಪನಿ ನಾನ್‌ಡಾನ್‌ನ ಅರ್ಧ ಪಾಲನ್ನು 2007ರಲ್ಲಿ ಜಲಗಾಂವಿನ ಜೈನ್ ಇರಿಗೇಶನ್ ಕೊಂಡುಕೊಂಡಿತು, ಮುಂದೆ ಉಳಿದರ್ಧವನ್ನೂ. ಅಂದರೆ ಹೊಸೂರಿನ ಅಂಗಡಿಯಲ್ಲಿ ‘ಇಸ್ರೇಲ್ ಡ್ರಿಪ್’ ಎಂದು ಕೊಳ್ಳುವ ಪೈಪು ಬಹುತೇಕ ಭಾರತದಲ್ಲೇ ತಯಾರಾದದ್ದು. ಇದರ ಮೇಲೆ ತಮಿಳುನಾಡಿನಲ್ಲಿ ಸಣ್ಣ, ಅತಿಸಣ್ಣ ರೈತರಿಗೆ ಹನಿ ನೀರಾವರಿಗೆ ನೂರಕ್ಕೆ 100 ಸಬ್ಸಿಡಿ, ಉಳಿದವರಿಗೆ 75. ಆ ಸಬ್ಸಿಡಿ ಸಿಗಬೇಕಾದರೆ ಪೈಪಿಗೆ ಐಎಸ್‌ಐ ಮುದ್ರೆ ಇರಬೇಕು, ಕಂಪನಿ ಸರ್ಕಾರದ ಪಟ್ಟಿಯಲ್ಲಿರಬೇಕು. ಹೊಸ ಇಸ್ರೇಲಿ ಕಂಪನಿಯ ಪೈಪು ತರಿಸಿ ಮಾರಲು ಹೊರಟರೆ ನಿಮ್ಮ ಪೈಪೋಟಿ ಪುಕ್ಕಟೆ ಪೈಪಿನ ಜೊತೆ. ಅದನ್ನು ಬಿಡಿ.

ಜಾಗ ಇರುವುದು ಪೈಪಿನ ಎರಡು ತುದಿಗಳಲ್ಲಿ. ಮೊದಲ ತುದಿಯಲ್ಲಿ ಫಿಲ್ಟರು, ಗೊಬ್ಬರ ಬೆರೆಸುವ ಘಟಕ, ಕಂಟ್ರೋಲರು, ಸೆನ್ಸರು. ಕೊನೆಯ ತುದಿಯಲ್ಲಿ ಗಿಡದ ಆರೋಗ್ಯ ನೋಡುವ ಕ್ಯಾಮೆರಾ, ಕೀಟದ ಎಣಿಕೆ, ಕೊಯ್ಲಿನ ನಂತರ ತಂಪಾಗಿಟ್ಟು ಸಾಗಿಸುವ ವ್ಯವಸ್ಥೆ. ಕಾರ್ಖಾನೆಗಳ ಕಡೆಗೆ ಬಂದರೆ ಯಂತ್ರದ ಕಂಪನ ನೋಡಿ ಬೇರಿಂಗ್ ಕೆಡುವುದನ್ನು ಮುಂಚೆಯೇ ಹೇಳುವ ಸಾಧನಗಳು, ವಾಹನದ ಬಿಡಿಭಾಗದ ದೋಷ ಹಿಡಿಯುವ ಕ್ಯಾಮೆರಾ ತಪಾಸಣೆ, ಕಾರ್ಖಾನೆಯ ಜಾಲಕ್ಕೆ ಸೈಬರ್ ರಕ್ಷಣೆ.

ಕೃಷಿಯ ಕಡೆಯವರು ಟೆಲ್ ಅವೀವ್‌ಗೆ ಟಿಕೆಟ್ ಮಾಡುವ ಮುಂಚೆ ಇಲ್ಲೇ ಇರುವ ತಳಿ ಊರಿಗೆ ಹೋಗಿಬನ್ನಿ. ಭಾರತ–ಇಸ್ರೇಲ್ ಕೃಷಿ ಯೋಜನೆಯಡಿ ದೇಶದ ಹಲವು ರಾಜ್ಯಗಳಲ್ಲಿ ಹೊಸ ಪದ್ಧತಿಯನ್ನು ರೈತರಿಗೆ ಮಾಡಿ ತೋರಿಸುವ ಉತ್ಕೃಷ್ಟತಾ ಕೇಂದ್ರಗಳು ನಡೆಯುತ್ತಿವೆ. ತಮಿಳುನಾಡಿನಲ್ಲಿ ತರಕಾರಿಯದ್ದು ದಿಂಡಿಗಲ್ ಜಿಲ್ಲೆಯ ರೆಡ್ಡಿಯಾರ್‌ಛತ್ರದಲ್ಲಿ, ಕತ್ತರಿಸಿ ಮಾರುವ ಹೂವಿನದ್ದು ನಮ್ಮ ತಳಿ ಊರಿನಲ್ಲಿ. ಮಾವಿನವರಿಗೆ ಗಡಿಯಾಚೆ ಕೋಲಾರ ಜಿಲ್ಲೆಯ ಹೊಗಳಗೆರೆ ಕೇಂದ್ರ ಹತ್ತಿರ. ಅಲ್ಲಿ ಕೇಳಬೇಕಾದದ್ದು ಇಳುವರಿಯ ಲೆಕ್ಕವನ್ನಲ್ಲ, ಅದು ಬೋರ್ಡಿನ ಮೇಲೇ ಇರುತ್ತದೆ. ಯಾವ ಸಾಧನ ಕೆಟ್ಟಿತು, ಕೆಟ್ಟದ್ದನ್ನು ಯಾರು ರಿಪೇರಿ ಮಾಡಿದರು, ಸ್ಪೇರ್ ಎಷ್ಟು ವಾರದಲ್ಲಿ ಬಂತು, ಯಾವುದನ್ನು ಪಕ್ಕಕ್ಕಿಟ್ಟು ಮತ್ತೆ ಕೈಯಿಂದಲೇ ವಾಲ್ವ್ ತಿರುಗಿಸುತ್ತಿದ್ದಾರೆ, ಇವನ್ನು ಕೇಳಿ. ಸಾಹೇಬರಿಗಿಂತ ಪಂಪ್‌ಹೌಸಿನಲ್ಲಿ ಕೆಲಸ ಮಾಡುವ ಅಣ್ಣನನ್ನು ಕೇಳಿದರೆ ಉತ್ತರ ಚೆನ್ನಾಗಿ ಸಿಗುತ್ತದೆ. ಕನ್ನಡ, ತೆಲುಗು, ತಮಿಳು ಯಾವುದರಲ್ಲಿ ಕೇಳಿದರೂ ಸರಿ.

ಇನ್ನು ಹಾಳೆ. ಒಂದೇ ಪುಟ, ಇಂಗ್ಲಿಷಿನಲ್ಲಿ. ಹೀಬ್ರೂ ಬೇಕಾಗಿಲ್ಲ. ಪಾಲಿಹೌಸಿನವರಾದರೆ ವಿಸ್ತೀರ್ಣ, ತಳಿ, ಗಿಡದ ವಯಸ್ಸು, ಮಣ್ಣಿನ ಬೆಡ್ಡೋ ತೆಂಗಿನ ನಾರಿನ ಪುಡಿಯೋ ಎಂಬುದರಿಂದ ಶುರು ಮಾಡಿ. ಆಮೇಲೆ ನೀರು. ಬೋರ್‌ವೆಲ್ ನೀರಿನ ಇಸಿ (ಕರಗಿದ ಲವಣದ ಅಳತೆ), ಪಿಎಚ್ (ಹುಳಿ-ಕ್ಷಾರದ ಅಳತೆ), ಬೈಕಾರ್ಬನೇಟ್, ಕ್ಯಾಲ್ಸಿಯಂ, ಕಬ್ಬಿಣ, ಈ ಐದೂ ಇರುವ ಲ್ಯಾಬ್ ವರದಿ ಬೇಕು, ಅದೂ ಬೇಸಿಗೆಯದ್ದು ಒಂದು, ಮಳೆಗಾಲ ಮುಗಿದ ಮೇಲಿನದ್ದು ಒಂದು. ನಮ್ಮ ಕಡೆಯ ಗಡಸು ನೀರಿನಲ್ಲಿ ಡ್ರಿಪ್ಪರಿನ ಬಾಯಲ್ಲಿ ಬಿಳಿ ಸುಣ್ಣ ಕಟ್ಟುವುದು ಬೈಕಾರ್ಬನೇಟ್ ಮತ್ತು ಕ್ಯಾಲ್ಸಿಯಂ ಕೂಡಿದಾಗ. ಕಬ್ಬಿಣ ಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿದರೆ ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾದ ಕಂದು ಲೋಳೆ ಬೇರೆ. ಇಸ್ರೇಲಿನಲ್ಲಿ ಕೊಳಚೆ ನೀರಿನ ಸುಮಾರು ಶೇ. 90ರಷ್ಟನ್ನು ಶುದ್ಧೀಕರಿಸಿ ಹೊಲಕ್ಕೆ ಬಿಡುತ್ತಾರೆ, ಹಾಗಾಗಿ ಸಾವಯವ ಕಸ, ಪಾಚಿ ತಡೆಯುವ ಫಿಲ್ಟರುಗಳಲ್ಲಿ ಅವರು ಪಳಗಿದವರು. ಕರಗಿದ ಸುಣ್ಣವನ್ನು ಯಾವ ಫಿಲ್ಟರೂ ತಡೆಯುವುದಿಲ್ಲ, ಅದರ ಜಾಲರಿ 120 ಮೆಶ್ ಇರಲಿ, ಇನ್ನೂ ಸಣ್ಣ ಕಣ್ಣಿನ 200 ಮೆಶ್ ಇರಲಿ. ಅದಕ್ಕೆ ನೀರಿಗೆ ಅಳತೆಯಾಗಿ ಆಸಿಡ್ ಬೆರೆಸುವ ಡೋಸಿಂಗೇ ಬೇಕು. ಈ ವಿಷಯ ಹಾಳೆಯಲ್ಲಿ ಇಲ್ಲದಿದ್ದರೆ ಅವರು ಫಿಲ್ಟರಿನ ಕೊಟೇಶನ್ ಕಳಿಸುತ್ತಾರೆ, ನೀವು ಕೊಳ್ಳುತ್ತೀರಿ, ಆರು ತಿಂಗಳಲ್ಲಿ ಡ್ರಿಪ್ಪರು ಕಟ್ಟುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತೀರಿ.

ನೀರಿನ ನಂತರ ಕರೆಂಟು. ತ್ರಿಫೇಸ್ ಯಾವ ಹೊತ್ತಿನಲ್ಲಿ ಬರುತ್ತದೆ, ಎಷ್ಟು ಗಂಟೆ ಇರುತ್ತದೆ, 415 ಇರಬೇಕಾದ ವೋಲ್ಟೇಜು ಎಷ್ಟಕ್ಕೆ ಇಳಿಯುತ್ತದೆ. ಸಿಂಗಲ್ ಫೇಸಿನ ವೋಲ್ಟೇಜು, ಫ್ರೀಕ್ವೆನ್ಸಿ ಎರಡು ದೇಶದಲ್ಲೂ ಒಂದೇ, 230 ವೋಲ್ಟ್, 50 ಹರ್ಟ್ಜ್. ಪ್ಲಗ್ಗಿನ ಆಕಾರ ಮಾತ್ರ ಬೇರೆ. ತೊಂದರೆ ಇರುವುದು ಕರೆಂಟು ಹೋಗಿಬರುವುದರಲ್ಲಿ. ಕರೆಂಟಿನಿಂದ ತೆರೆಯುವ 24 ವೋಲ್ಟ್ ಎಸಿ ಸೊಲೆನಾಯ್ಡ್ ವಾಲ್ವು ಕರೆಂಟು ಹೋದಾಗ ಮುಚ್ಚಿಕೊಳ್ಳುತ್ತದೆ, ಕಂಟ್ರೋಲರಿನ ಗಡಿಯಾರಕ್ಕೆ ಬ್ಯಾಟರಿ ಇಲ್ಲದಿದ್ದರೆ ಕಾರ್ಯಕ್ರಮವೇ ಕಲಸಿಹೋಗುತ್ತದೆ. ಬ್ಯಾಟರಿಯಿಂದ ನಡೆಯುವ, ಕರೆಂಟು ಹೋದರೂ ಇದ್ದ ಸ್ಥಿತಿಯಲ್ಲೇ ನಿಲ್ಲುವ ಡಿಸಿ ಲ್ಯಾಚಿಂಗ್ ವಾಲ್ವು ಕೇಳಿ. ಅವರ ಕ್ಯಾಟಲಾಗಿನಲ್ಲಿ ಅದು ಇರುತ್ತದೆ, ನಾವು ಕೇಳದಿದ್ದರೆ ಎಸಿಯದ್ದನ್ನೇ ಕಳಿಸುತ್ತಾರೆ.

ಕೊನೆಯಲ್ಲಿ ಮೂರು ಸಾಲು: ಈಗ ಈ ತೊಂದರೆಗೆ ವರ್ಷಕ್ಕೆ ಎಷ್ಟು ಖರ್ಚಾಗುತ್ತಿದೆ, ತೀರ್ಮಾನ ತೆಗೆದುಕೊಳ್ಳುವವರು ಯಾರು, ಪರೀಕ್ಷೆಗೆ ಎಷ್ಟು ಜಾಗ, ಯಾವ ತಿಂಗಳು. ಈ ಮೂರು ಸಾಲೇ ಉತ್ತರ ತರಿಸುವುದು. ಮಷೀನ್ ಶಾಪಿನವರ ಹಾಳೆ ಇನ್ನೂ ಚಿಕ್ಕದು: ಯಂತ್ರಗಳ ಪಟ್ಟಿ, ಹಿಡಿಯಬಲ್ಲ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸದೊಳಗೆ ಮಾಡಬಲ್ಲಿರಿ), ಅಳತೆಯ ಉಪಕರಣ, ಕನಿಷ್ಠ ಎಷ್ಟು ಪೀಸಿನ ಆರ್ಡರು ತೆಗೆದುಕೊಳ್ಳುತ್ತೀರಿ, ಡ್ರಾಯಿಂಗ್ ಬಂದ ಮೇಲೆ ಮೊದಲ ಪೀಸು ಎಷ್ಟು ದಿನಕ್ಕೆ. ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬ ಸಾಲನ್ನು ಅಳಿಸಿಹಾಕಿ.

ಹಾಳೆ ಯಾರಿಗೆ ಕಳಿಸಬೇಕು? ದಕ್ಷಿಣ ಭಾರತಕ್ಕೆ ಇಸ್ರೇಲಿನ ಕಾನ್ಸುಲೇಟ್ ಜನರಲ್ ಬೆಂಗಳೂರಿನಲ್ಲೇ ಇದೆ, ಅಲ್ಲಿಯ ವಾಣಿಜ್ಯ ವಿಭಾಗದ ಕೆಲಸವೇ ಅವರ ಕಂಪನಿಗಳಿಗೆ ಇಲ್ಲಿ ಗಿರಾಕಿ, ಪಾಲುದಾರರನ್ನು ಹುಡುಕಿಕೊಡುವುದು. ಇಸ್ರೇಲ್ ಎಕ್ಸ್‌ಪೋರ್ಟ್ ಇನ್‌ಸ್ಟಿಟ್ಯೂಟ್ ರಫ್ತು ಕಂಪನಿಗಳ ಕಡೆಯದು. ಸ್ಟಾರ್ಟಪ್ ನೇಶನ್ ಸೆಂಟ್ರಲ್ ಎಂಬ ಲಾಭರಹಿತ ಸಂಸ್ಥೆಯ ‘ಫೈಂಡರ್’ ಎಂಬ ಪಟ್ಟಿಯಲ್ಲಿ ಕ್ಷೇತ್ರ, ನೌಕರರ ಸಂಖ್ಯೆ, ಬಂಡವಾಳದ ಹಂತ ಇವುಗಳ ಪ್ರಕಾರ ಕಂಪನಿಗಳನ್ನು ಸೋಸಿ ನೋಡಬಹುದು. ನನ್ನ ಸಲಹೆ, 10ಕ್ಕೂ 50ಕ್ಕೂ ನಡುವೆ ನೌಕರರಿರುವ ಕಂಪನಿಗಳನ್ನು ಆರಿಸಿ. ಅದಕ್ಕಿಂತ ಸಣ್ಣದಾದರೆ ಸಾಧನ ಇನ್ನೂ ಮೇಜಿನ ಮೇಲಿರುತ್ತದೆ; ದೊಡ್ಡದಾದರೆ ಅವರಿಗೆ ಭಾರತದಲ್ಲಿ ಆಗಲೇ ಯಾರೋ ಇರುತ್ತಾರೆ. ಬರೆಯುವಾಗ ನೇರವಾಗಿ ಸಿಇಒಗೋ ಉತ್ಪನ್ನದ ಮುಖ್ಯಸ್ಥರಿಗೋ ಬರೆಯಿರಿ. ಅಲ್ಲಿ ಮೇಲಿನವರಿಗೆ ನೇರ ಬರೆದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಮೇಲ್ ಇಷ್ಟೇ ಇರಲಿ:

“ಬೆಂಗಳೂರಿನಿಂದ 40 ಕಿ.ಮೀ. ದೂರದ ಹೊಸೂರಿನಲ್ಲಿ ನಮ್ಮದು 2 ಎಕರೆ ಗುಲಾಬಿ ಪಾಲಿಹೌಸ್. ಬೈಕಾರ್ಬನೇಟ್ ಹೆಚ್ಚಿರುವ ಬೋರ್‌ವೆಲ್ ನೀರು, ವರದಿ ಲಗತ್ತಿಸಿದೆ. ಆಸಿಡ್ ಈಗ ಕೈಯಿಂದ ಹಾಕುತ್ತಿದ್ದೇವೆ, ಪಿಎಚ್ ದಿನದಿಂದ ದಿನಕ್ಕೆ ಏರುಪೇರಾಗುತ್ತಿದೆ. ನಿಮ್ಮ ಡೋಸಿಂಗ್ ಘಟಕವನ್ನು 1,000 ಚದರ ಮೀಟರಿನಲ್ಲಿ ಮಾರ್ಚಿನಿಂದ ಆರು ತಿಂಗಳು ಪರೀಕ್ಷಿಸಲು ಜಾಗ, ನೀರು, ಕೆಲಸದವರನ್ನು ಕೊಡುತ್ತೇವೆ. ಚೆನ್ನಾಗಿ ನಡೆದರೆ ಉಳಿದ ಜಾಗಕ್ಕೂ ಕೊಳ್ಳುತ್ತೇವೆ. ಸೋಮವಾರದಿಂದ ಗುರುವಾರದೊಳಗೆ 20 ನಿಮಿಷ ಮಾತಾಡಲು ಆಗುತ್ತದೆಯೇ?”

ವಾರದ ಲೆಕ್ಕ ತಿಳಿದಿರಲಿ. ಅಲ್ಲಿ ಕೆಲಸದ ವಾರ ಭಾನುವಾರದಿಂದ ಗುರುವಾರ. ಶುಕ್ರವಾರ ಸಂಜೆ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿಯವರೆಗೆ ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿ. ಆಗ ಫೋನ್ ಮಾಡಬೇಡಿ. ಭಾನುವಾರ ನಮಗೆ ರಜೆ, ಅವರಿಗೆ ಕೆಲಸ, ಯುರೋಪು ಅಮೆರಿಕದವರ ಮೇಲ್‌ಗಳು ಬಾರದ ದಿನ. ಮೇಲ್ ಕಳಿಸಲು ಅದೇ ಒಳ್ಳೆಯ ದಿನ. ಗಡಿಯಾರದಲ್ಲಿ ಅವರು ನಮಗಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಎರಡೂವರೆ ಗಂಟೆ ಹಿಂದೆ. ಗಡಿಯಾರ ಬದಲಾಗುವ ವಾರದಲ್ಲಿ ಮೀಟಿಂಗ್ ತಪ್ಪಿಹೋಗುವುದು ಮಾಮೂಲು, ಕ್ಯಾಲೆಂಡರ್ ಆಹ್ವಾನ ಕಳಿಸಿಬಿಡಿ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಯಹೂದಿ ಹೊಸ ವರ್ಷ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಸಾಲಾಗಿ ಬರುತ್ತವೆ, ಸುಮಾರು ಮೂರು ವಾರ ಯಾವ ತೀರ್ಮಾನವೂ ಆಗುವುದಿಲ್ಲ. ಯೋಮ್ ಕಿಪ್ಪುರ್ ದಿನ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಪಸ್ಸೋವರ್, ಒಂದು ವಾರ.

ಇದನ್ನು ನಮ್ಮ ಹೂವಿನ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿ. ಫೆಬ್ರವರಿ 14ರ ಹೂವಿಗಾಗಿ ಡಿಸೆಂಬರಿನಲ್ಲಿ ಗಿಡ ಕತ್ತರಿಸಿ ಸವರುತ್ತೇವೆ. ಆಗಿನಿಂದ ಪ್ರೇಮಿಗಳ ದಿನದ ಲೋಡು ಹೊರಡುವವರೆಗೆ ಯಾವ ಬೆಳೆಗಾರನೂ ತನ್ನ ಪೈಪ್‌ಲೈನನ್ನು ಪರರ ಕೈಗೆ ಕೊಡುವುದಿಲ್ಲ, ಕೊಡಲೂಬಾರದು. ಹಾಗಾಗಿ ಹೊಸ ಸಾಧನ ಕೂರಿಸಲು ಫೆಬ್ರವರಿ ಕೊನೆಯಿಂದ ಪಸ್ಸೋವರ್‌ಗೆ ಮುಂಚೆ ಒಂದು ಸಂದು ಸಿಗುತ್ತದೆ, ಮತ್ತೊಂದು ಜೂನ್–ಜುಲೈ. ಸಾಮಾನು ಬರಲು ಹಿಡಿಯುವ ಕಾಲವನ್ನು ಹಿಂದಕ್ಕೆ ಎಣಿಸಿದರೆ ಮೊದಲ ಮೇಲ್ ಅಕ್ಟೋಬರಿನ ಹಬ್ಬ ಮುಗಿದೊಡನೆ ಹೋಗಿರಬೇಕು.

ಮೊದಲ ಮಾತುಕತೆಯಲ್ಲಿ ಅವರು ನಡುವೆ ಬಾಯಿ ಹಾಕುತ್ತಾರೆ, ಹೆಸರು ಹಿಡಿದೇ ಕರೆಯುತ್ತಾರೆ, ಐದನೇ ನಿಮಿಷಕ್ಕೆ ಬೆಲೆ ಕೇಳುತ್ತಾರೆ. ಅದು ಜಗಳವಲ್ಲ, ಆಸಕ್ತಿ. ಸುಮ್ಮನೆ ಕೇಳಿಸಿಕೊಂಡು ತಲೆಯಾಡಿಸಿದರೆ ಚಿಂತೆ ಮಾಡಬೇಕು. ನಮ್ಮ ಕಡೆಯ ದೊಡ್ಡ ತೊಡಕು, ಬೇಡ ಎನ್ನಲು ಮುಜುಗರಪಟ್ಟು ಮೌನವಾಗುವುದು. ಬೆಲೆ ಹೆಚ್ಚಾಯಿತು ಎಂದರೆ ಹಾಗೆಂದೇ ಬರೆಯಿರಿ, ಎಷ್ಟಾದರೆ ಆಗುತ್ತದೆ ಎಂದೂ ಬರೆಯಿರಿ. ಮಾರನೇ ದಿನ ಇನ್ನೊಂದು ದಾರಿ ತೋರಿಸುತ್ತಾರೆ. ಗೌಪ್ಯತಾ ಒಪ್ಪಂದಕ್ಕೆ ಮೊದಲ ಕರೆಯಲ್ಲೇ ಒತ್ತಾಯಿಸಬೇಡಿ. ಗುಟ್ಟಿಲ್ಲದ ಮಾಹಿತಿಯಲ್ಲೇ ಮೊದಲ ಎರಡು ಮಾತುಕತೆ ಮುಗಿಯುತ್ತದೆ, ಡ್ರಾಯಿಂಗ್ ಕೈ ಬದಲಾಗುವ ಹೊತ್ತಿಗೆ ಸಹಿ ಹಾಕಿದರಾಯಿತು.

ಅವರು ನೋಡಲು ಬರುತ್ತೇವೆ ಎಂದರೆ ಬೆಂಗಳೂರಿನಿಂದ ಬೆಳಿಗ್ಗೆ ಆರೂವರೆಗೆ ಹೊರಡಿಸಿ, ಸಿಲ್ಕ್ ಬೋರ್ಡ್ ದಾಟಿಬಿಡಲಿ. ಅಪರಾಹ್ನದೊಳಗೆ ಒಂದು ಪಾಲಿಹೌಸು, ಒಂದು ಮಷೀನ್ ಶಾಪು, ಇಷ್ಟೇ ಸಾಕು. ಶುಕ್ರವಾರ ಬೇಡ. ಊಟಕ್ಕೆ ಸಸ್ಯಾಹಾರಿ ಹೋಟೆಲಾದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಯಹೂದಿ ಆಹಾರ ನಿಯಮವಾದ ಕೋಶರ್ ಕಟ್ಟುನಿಟ್ಟಾಗಿ ಪಾಲಿಸುವವರಿದ್ದರೆ ಇಡೀ ಹಣ್ಣು, ಸೀಲ್ ಇರುವ ನೀರು ಇಟ್ಟಿರಿ. ಹಾರ, ಶಾಲು, ಫಲಕ, ಮಂತ್ರಿಗಳ ಜೊತೆ ಫೋಟೊ, ಇವಕ್ಕೆ ಅರ್ಧ ದಿನ ಹಾಳು ಮಾಡುವ ಅಭ್ಯಾಸ ಬಿಟ್ಟರೆ ಒಳ್ಳೆಯದು.

ಕಂಪನಿ ಎಂಥದ್ದು ಎಂದು ನೋಡುವುದು ಕಷ್ಟವಲ್ಲ. ಇಸ್ರೇಲಿ ಲಿಮಿಟೆಡ್ ಕಂಪನಿಗೆ 9 ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 51ರಿಂದ ಶುರು. ಅಲ್ಲಿಯ ಕಂಪನಿ ರಿಜಿಸ್ಟ್ರಾರ್ ಕಚೇರಿಯ ದಾಖಲೆಯಲ್ಲಿ ನಿರ್ದೇಶಕರು, ಷೇರುದಾರರು, ಆಸ್ತಿಯ ಮೇಲಿನ ಅಡಮಾನ ಸಿಗುತ್ತವೆ. ಸಂಖ್ಯೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಇದೆ, ಹೊಸೂರಿನ ಮಷೀನ್ ಶಾಪಿನವರಂತೂ ಮರೆಯಬಾರದು: ಈ ತಂತ್ರಜ್ಞಾನಕ್ಕೆ ಇಸ್ರೇಲ್ ಇನ್ನೊವೇಶನ್ ಅಥಾರಿಟಿಯ ಹಣ ಸಿಕ್ಕಿದೆಯೇ? ಸರ್ಕಾರದ ಈ ಸಂಸ್ಥೆ ಹಳೆಯ ಮುಖ್ಯ ವಿಜ್ಞಾನಿಗಳ ಕಚೇರಿಯ ಜಾಗದಲ್ಲಿ 2016ರಲ್ಲಿ ಬಂತು. ಇದು ಸಂಶೋಧನೆಗೆ ಹಣ ಕೊಡುತ್ತದೆ, ಮಾರಾಟದ ಮೇಲೆ ರಾಯಲ್ಟಿಯಾಗಿ ವಾಪಸ್ ಪಡೆಯುತ್ತದೆ. ಆ ಹಣದಿಂದ ಹುಟ್ಟಿದ ಜ್ಞಾನವನ್ನು ದೇಶದ ಹೊರಗೆ ವರ್ಗಾಯಿಸಲು ಅದರ ಒಪ್ಪಿಗೆ ಬೇಕು, ಹಣವನ್ನೂ ಕಟ್ಟಬೇಕು. ತಯಾರಿಕೆಯನ್ನು ಹೊರದೇಶಕ್ಕೆ ಸಾಗಿಸಿದರೂ ಕಂಪನಿ ತೀರಿಸಬೇಕಾದ ರಾಯಲ್ಟಿಯ ಮಿತಿ ಏರುತ್ತದೆ. ನೀವು ಅಚ್ಚು ಮಾಡಿ, ಮೊದಲ ಪೀಸು ಕೊಟ್ಟು, ಆರ್ಡರಿಗೆ ಕಾಯುತ್ತಿರುವಾಗ ‘ಬೋರ್ಡು ಒಪ್ಪಲಿಲ್ಲ’ ಎಂಬ ಮೇಲ್ ಬಂದರೆ ಕಾರಣ ಬಹಳ ಸಲ ಇದೇ. ಬಿಡಿಭಾಗವನ್ನು ಇಲ್ಲಿ ಮಾಡಿ ಜೋಡಣೆಯನ್ನು ಅಲ್ಲೇ ಇಡುವುದು, ಅಥವಾ ಎಷ್ಟು ಭಾಗ ಹೊರಗೆ ತಯಾರಾಗುತ್ತದೆ ಎಂದು ಹಣ ಪಡೆಯುವಾಗಲೇ ಅವರು ಘೋಷಿಸಿದ್ದಾರೆಯೇ ಎಂದು ನೋಡುವುದು, ಇವು ದಾರಿಗಳು. ಅಚ್ಚಿಗೆ ದುಡ್ಡು ಹಾಕುವ ಮೊದಲು ಈ ಉತ್ತರ ಲಿಖಿತದಲ್ಲಿರಲಿ. ಅಚ್ಚು ಯಾರದ್ದು ಎಂಬುದೂ ಇರಲಿ.

ಹಣ ಬರುವ ಬಗೆಯನ್ನೂ ಮೊದಲೇ ಕೇಳಿಕೊಳ್ಳಿ. ಹೀಬ್ರೂ ಮಾತಿನ ‘ಶೋತೆಫ್ ಪ್ಲಸ್ 60’ ಎಂದರೆ ಬಿಲ್ಲಿನ ದಿನದಿಂದ 60 ದಿನ ಅಲ್ಲ, ಆ ತಿಂಗಳು ಮುಗಿದ ಮೇಲೆ 60 ದಿನ. 3ನೇ ತಾರೀಖಿನ ಬಿಲ್ಲಿಗೆ ಸುಮಾರು ಮೂರು ತಿಂಗಳು. 45 ದಿನದೊಳಗೆ ಹಣ ಕೊಡಬೇಕೆಂದು ನಮ್ಮ ಸಣ್ಣ ಕೈಗಾರಿಕೆಗಳಿಗಿರುವ ಕಾನೂನು ಹೊರದೇಶದ ಗಿರಾಕಿಗೆ ತಾಗುವುದಿಲ್ಲ. ಅಚ್ಚಿನ ಹಣ ಮುಂಗಡ, ಮೊದಲ ಬ್ಯಾಚಿಗೆ ಅರ್ಧ ಮುಂಗಡ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಜಂಟಿ ಸಂಶೋಧನೆಯಾದರೆ ಸರ್ಕಾರದ ಹಣವೂ ಇದೆ. 2017ರ ಜುಲೈನಲ್ಲಿ ಪ್ರಧಾನಿಯವರ ಇಸ್ರೇಲ್ ಭೇಟಿಯ ಹೊತ್ತಿಗೆ ಘೋಷಣೆಯಾದ ‘ಐ4ಎಫ್’ ಎಂಬ ಭಾರತ–ಇಸ್ರೇಲ್ ಕೈಗಾರಿಕಾ ಸಂಶೋಧನಾ ನಿಧಿಗೆ ಐದು ವರ್ಷಕ್ಕೆ ಎರಡೂ ದೇಶಗಳು ತಲಾ 2 ಕೋಟಿ ಡಾಲರ್ ಹಾಕಲು ಒಪ್ಪಿದವು. ನಮ್ಮ ಕಡೆ ಇದನ್ನು ನೋಡಿಕೊಳ್ಳಲು ಬಂದದ್ದು ಗೀಟಾ (ಗ್ಲೋಬಲ್ ಇನ್ನೊವೇಶನ್ ಅಂಡ್ ಟೆಕ್ನಾಲಜಿ ಅಲಯನ್ಸ್) ಸಂಸ್ಥೆ, ಅವರ ಕಡೆ ಇನ್ನೊವೇಶನ್ ಅಥಾರಿಟಿ. ಎರಡು ದೇಶದಿಂದ ಒಂದೊಂದಾದರೂ ಕಂಪನಿ ಇರಬೇಕು. ಅವರವರ ಪಾಲಿನ ಖರ್ಚಿಗೆ ಅವರವರ ದೇಶ ನೆರವು ಕೊಡುತ್ತದೆ, ಹೆಚ್ಚೆಂದರೆ ಅರ್ಧದಷ್ಟು. ಉಳಿದರ್ಧ ನಿಮ್ಮ ಜೇಬಿನದ್ದು, ನೆರವಿನ ಹಣವೂ ಹಂತ ಹಂತವಾಗಿ ಬರುತ್ತದೆ. ಆದ್ದರಿಂದ ಆರು ತಿಂಗಳ ಖರ್ಚು ಕೈಯಲ್ಲಿಲ್ಲದವರು ಇದಕ್ಕೆ ಕೈ ಹಾಕಬೇಡಿ. ಅರ್ಜಿಗೆ ಕರೆ ಪ್ರಕಟವಾದ ಮೇಲೆ ಪಾಲುದಾರನನ್ನು ಹುಡುಕಲು ಹೊರಡುವುದು ಮದುವೆ ಮಂಟಪ ಬುಕ್ ಮಾಡಿ ಹೆಣ್ಣು ನೋಡಲು ಹೋದಂತೆ.

ಜಂಟಿ ಕೆಲಸದಲ್ಲಿ ಪೇಟೆಂಟಿನದ್ದು ಒಂದು ಬಲೆ. ಭಾರತದ ನಿವಾಸಿ ಮಾಡಿದ ಆವಿಷ್ಕಾರಕ್ಕೆ ನೇರವಾಗಿ ಹೊರದೇಶದಲ್ಲಿ ಅರ್ಜಿ ಹಾಕುವಂತಿಲ್ಲ. ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ 25ನೇ ಫಾರಮ್ಮಿನಲ್ಲಿ ಅನುಮತಿ ಪಡೆಯಬೇಕು. ನಿಮ್ಮ ಎಂಜಿನಿಯರ್ ಹೊಳೆಯಿಸಿಕೊಟ್ಟ ಒಂದು ವಾಲ್ವಿನ ಸುಧಾರಣೆಯನ್ನು ಅವರ ವಕೀಲರು ಟೆಲ್ ಅವೀವಿನಲ್ಲಿ ಸರಾಗವಾಗಿ ದಾಖಲಿಸಿಬಿಟ್ಟರೆ ಇಲ್ಲಿ ಶಿಕ್ಷೆಯ ಪ್ರಶ್ನೆ ಬರುವುದು ನಿಮಗೆ.

ಪೈಲಟ್ ಎಂಬ ಹೆಸರಿನಲ್ಲಿ ನಡೆಯುವ ಪರೀಕ್ಷೆಗಳು ಕೆಡುವುದು ಹೋಲಿಕೆ ಸರಿಯಿಲ್ಲದೆ. ಹೊಸ ಸಾಧನ ಹೊಸ ಗಿಡಕ್ಕೆ, ಹಳೆಯ ಪದ್ಧತಿ ಹಳೆಯ ಗಿಡಕ್ಕೆ ಎಂದಾದರೆ ಗೆದ್ದದ್ದು ಗಿಡದ ವಯಸ್ಸೇ ಹೊರತು ಸಾಧನವಲ್ಲ. ಒಂದೇ ಪಾಲಿಹೌಸಿನೊಳಗೆ ಪಕ್ಕಪಕ್ಕದ ಎರಡು ಬೇ (ಅಂಕಣ), ಒಂದೇ ತಳಿ, ಒಂದೇ ದಿನ ಸವರಿದ್ದು ಇರಲಿ. ಅಳೆಯಬೇಕಾದದ್ದು ಚದರ ಮೀಟರಿಗೆ ಎಷ್ಟು ಹೂವಿನ ಕಡ್ಡಿ, ಅದರಲ್ಲಿ 40, 50, 60, 70 ಸೆಂಟಿಮೀಟರ್ ಉದ್ದದ ದರ್ಜೆಗಳು ಎಷ್ಟೆಷ್ಟು, ನೀರೆಷ್ಟು ಲೀಟರ್, ಗೊಬ್ಬರವೆಷ್ಟು ಕಿಲೋ. ಗುಲಾಬಿಯ ಒಂದು ಹೂ ಸುತ್ತಿಗೆ ಸುಮಾರು 45 ದಿನ. ಎರಡು ಸುತ್ತಿಗಿಂತ ಕಡಿಮೆಯ ಪರೀಕ್ಷೆಯನ್ನು ನಂಬಬೇಡಿ. ಶುರುವಾಗುವ ಮುಂಚಿನ ಒಂದು ಸುತ್ತನ್ನೂ ಬರೆದಿಟ್ಟಿರಬೇಕು. ಒಪ್ಪಂದದಲ್ಲಿ ಗೆಲುವಿನ ಅಂಕಿಯನ್ನು ಮೊದಲೇ ಹಾಕಿ: ಇಷ್ಟು ಉಳಿತಾಯವಾದರೆ ಇಷ್ಟು ಬೆಲೆಗೆ ಕೊಳ್ಳುತ್ತೇವೆ. ಸೆನ್ಸರಿನ ಮಾಹಿತಿ ಯಾರ ಸೊತ್ತು, ವಾರ್ಷಿಕ ಚಂದಾ ಎಷ್ಟು ಡಾಲರ್, ಚಂದಾ ಕಟ್ಟದಿದ್ದರೆ ಸಾಧನ ಸುಮ್ಮನೆ ಡಬ್ಬಿಯಾಗುತ್ತದೆಯೇ ಅಥವಾ ಕೈಯಿಂದಲಾದರೂ ನಡೆಯುತ್ತದೆಯೇ, ಇದನ್ನೂ. ಇಲಿ, ಅಳಿಲು ವೈರು ಕಡಿದರೆ ವಾರಂಟಿ ಇದೆಯೇ ಎಂದು ಕೇಳಿದರೆ ಅವರು ನಗಬಹುದು. ಕೇಳಿ.

ಪೈಪಿನ ಜೋಡಣೆಯಲ್ಲಿ ಒಂದು ಸಣ್ಣ ವಿಷಯ. ಡ್ರಿಪ್ಪರಿರುವ ಸಣ್ಣ ಪೈಪು, ಅಂದರೆ ನಮ್ಮ 16 ಎಂಎಂ ಲ್ಯಾಟರಲ್ಲಿಗೂ ಅವರ 16 ಎಂಎಂಗೂ ಗೋಡೆಯ ದಪ್ಪ ಬೇರೆಯಾದರೆ ಒಳವ್ಯಾಸ ಬೇರೆಯಾಗುತ್ತದೆ, ಕನೆಕ್ಟರು ಸೋರುತ್ತದೆ. ಒಳವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆದು ಹಾಳೆಯಲ್ಲಿ ಬರೆಯಿರಿ. ಫಿಲ್ಟರಿನ ಥ್ರೆಡ್ಡು ಬ್ರಿಟಿಷ್ ಬಗೆಯ ಬಿಎಸ್‌ಪಿಯೋ ಅಮೆರಿಕದ ಬಗೆಯ ಎನ್‌ಪಿಟಿಯೋ ಎಂದು ಕೂಡ.

ತರಿಸುವ ಕಡೆ ಬಂದರೆ, ವಿದೇಶ ವ್ಯಾಪಾರ ನಿರ್ದೇಶನಾಲಯ ಡಿಜಿಎಫ್‌ಟಿ ಕೊಡುವ ಐಇಸಿ (ಆಮದು-ರಫ್ತು) ಸಂಖ್ಯೆಗೆ 500 ರೂಪಾಯಿ, ಪ್ರತಿ ವರ್ಷ ಏಪ್ರಿಲ್–ಜೂನ್‌ನಲ್ಲಿ ಅಪ್‌ಡೇಟ್ ಮಾಡಲೇಬೇಕು, ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ. ನೀರಾವರಿ ಸಾಧನ ಬರುವುದು ಕಸ್ಟಮ್ಸ್ ಸುಂಕಪಟ್ಟಿಯ 8424ರ ಶೀರ್ಷಿಕೆಯಡಿ. ಕಂಟ್ರೋಲರು, ಸೆನ್ಸರು ಬೇರೆ ಶೀರ್ಷಿಕೆಗೆ ಹೋಗುತ್ತವೆ, ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ‘ಡ್ರಿಪ್ ಸಿಸ್ಟಂ’ ಎಂದು ಬರೆಸಿದರೆ ಕಸ್ಟಮ್ಸಿನಲ್ಲಿ ಪ್ರಶ್ನೆ ಏಳುತ್ತದೆ. ನಿಜವಾಗಿ ಸಿಕ್ಕಿಬೀಳುವುದು ರೇಡಿಯೊ ಇರುವ ಸಾಧನಗಳು. ವೈರ್‌ಲೆಸ್ ಸೆನ್ಸರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಒಪ್ಪಿಗೆ ಬೇಕು, ಸರಳ್ ಸಂಚಾರ್ ಪೋರ್ಟಲಿನಲ್ಲಿ ರೇಡಿಯೊ ಪರೀಕ್ಷಾ ವರದಿಯೊಂದಿಗೆ ಪಡೆಯಬೇಕು. ಇಂಥ ಸೆನ್ಸರುಗಳಿಗೆ ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಒಂದು ರೇಡಿಯೊ ಬ್ಯಾಂಡು 865ರಿಂದ 868 ಮೆಗಾಹರ್ಟ್ಜ್. ಯುರೋಪಿಗೋ ತಮ್ಮ ದೇಶಕ್ಕೋ ಮಾಡಿದ ಸೆಟ್ಟಿಂಗಿನಲ್ಲೇ ಕಳಿಸಿದರೆ ಇಲ್ಲಿ ನಡೆಯುವುದಿಲ್ಲ. ಭಾರತದ ಬ್ಯಾಂಡಿಗೆ ಹಾಕಿ ಕಳಿಸಿ ಎಂದು ಆರ್ಡರಿನಲ್ಲೇ ಬರೆಯಿರಿ. ಪವರ್ ಅಡಾಪ್ಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಅಡಾಪ್ಟರು ಬಿಟ್ಟು ಸಾಧನ ಮಾತ್ರ ಕಳಿಸಲು ಹೇಳಿ ಇಲ್ಲೇ ಎಸ್‌ಪಿ ರೋಡಿನಲ್ಲಿ ಕೊಳ್ಳುವುದು ಜಾಣತನ.

ಗುಲಾಬಿಯ ಕೆಂಪು ನುಸಿಗೆ ಪರಭಕ್ಷಕ ನುಸಿ ಬಿಡುವುದರಲ್ಲಿ ಸ್ದೆ ಎಲಿಯಾಹು ಕಿಬ್ಬುಟ್ಜಿನ ಬಯೋಬೀ ಹೆಸರಾದ ಕಂಪನಿ. ಆದರೆ ಜೀವಂತ ಕೀಟ, ನುಸಿ, ಸೂಕ್ಷ್ಮಾಣುಗಳ ಆಮದು ಸಸ್ಯ ಸಂಗರೋಧ ಆದೇಶ 2003ರ ಕೆಳಗೆ ಬರುತ್ತದೆ, ಅನುಮತಿಯಿಲ್ಲದೆ ಒಂದು ಬಾಟಲೂ ತರುವಂತಿಲ್ಲ. ಸಸಿ, ಕಡ್ಡಿಗೂ ಇದೇ.

ತಾಂತ್ರಿಕ ಸೇವೆಗೋ ರಾಯಲ್ಟಿಗೋ ಹಣ ಕಳಿಸುವಾಗ ಭಾರತ–ಇಸ್ರೇಲ್ ತೆರಿಗೆ ಒಪ್ಪಂದದ ಪ್ರಕಾರ ಶೇ. 10 ಹಿಡಿಯಬೇಕು, ಅದಕ್ಕೆ ಅವರ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು. ‘ತೆರಿಗೆ ಕಳೆದು 100 ಡಾಲರ್ ನಮ್ಮ ಕೈಗೆ’ ಎಂದು ಅವರು ಬರೆಸಿದ್ದರೆ ನಿಮ್ಮ ಖರ್ಚು 111 ಡಾಲರ್ ದಾಟುತ್ತದೆ. ಸೇವೆಯ ಆಮದಿನ ಜಿಎಸ್‌ಟಿ ನೋಂದಣಿಯಿರುವ ಕಾರ್ಖಾನೆಗೆ ಕ್ರೆಡಿಟ್ಟಾಗಿ ವಾಪಸ್ ಬರುತ್ತದೆ. ತಾಜಾ ಹೂವಿಗೆ ಜಿಎಸ್‌ಟಿ ಇಲ್ಲದ ಕಾರಣ ಬೆಳೆಗಾರನಿಗೆ ಅದು ಬರಿಯ ಖರ್ಚು. ಎರಡು ದೇಶಗಳ ನಡುವೆ ಮುಕ್ತ ವ್ಯಾಪಾರದ ಮಾತುಕತೆಗೆ 2025ರ ನವೆಂಬರಿನಲ್ಲಿ ಚೌಕಟ್ಟು ಸಹಿಯಾಗಿದೆ. ಮಾತುಕತೆಯನ್ನು ನಂಬಿ ಬೆಲೆ ಲೆಕ್ಕ ಹಾಕಬೇಡಿ, ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆ, ಹಾಕುವ ದಿನದ ಸುಂಕವೇ ಸುಂಕ.

ಜಗಳವಾದರೆ ಎಲ್ಲಿ ಬಗೆಹರಿಯಬೇಕು ಎಂಬುದಕ್ಕೆ ಒಪ್ಪಂದದಲ್ಲಿ ಸಿಂಗಾಪುರದ ಮಧ್ಯಸ್ಥಿಕೆ ಎಂದು ಬರೆಸಿ. ಇಸ್ರೇಲಿ ನ್ಯಾಯಾಲಯದ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿ ಮಾಡಲು ಬರುವುದಿಲ್ಲ, ನಮ್ಮ ಕೃಷ್ಣಗಿರಿಯ ಡಿಕ್ರಿ ಹಿಡಿದು ಅಲ್ಲಿ ಹೋಗುವುದೂ ದೂರದ ಮಾತು.

ಯುದ್ಧದ ವಿಷಯ ಮುಚ್ಚಿಡುವಂತಿಲ್ಲ. ಯಾರ ಜೊತೆ ವ್ಯಾಪಾರ ಮಾಡಬೇಕು, ಮಾಡಬಾರದು ಎಂಬುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು; ವ್ಯವಹಾರದ ಲೆಕ್ಕದಲ್ಲಿ ಮಾತ್ರ ಅದನ್ನು ಸೇರಿಸಲೇಬೇಕು. 2023ರ ಅಕ್ಟೋಬರಿನ ನಂತರ ಮೀಸಲು ಸೇನೆಯ ಕರೆ ಬಂದು ನಿಮ್ಮ ಕೆಲಸ ನೋಡುವ ಅವರ ಎಂಜಿನಿಯರ್ ವಾರಗಟ್ಟಲೆ ಸಿಗದೇ ಹೋಗಬಹುದು. ಇಬ್ಬರ ಹೆಸರು, ಇಬ್ಬರ ನಂಬರು ಕೇಳಿ ಇಟ್ಟುಕೊಳ್ಳಿ. 2025ರ ಜೂನ್‌ನಲ್ಲಿ ಅಲ್ಲಿಯ ವಾಯುಪ್ರದೇಶವೇ ಮುಚ್ಚಿತ್ತು. ಕೆಂಪು ಸಮುದ್ರದ ದಾಳಿಗಳಿಂದ ಹಡಗುಗಳು ಸುತ್ತು ಬಳಸಿ ಹೋಗುವಂತಾಗಿ ಸಾಗಣೆಯ ದಿನ, ಬಾಡಿಗೆ ಎರಡೂ ಏರಿದವು. ಹಾಗಾಗಿ ಕೆಡುವ ಭಾಗಗಳ ಒಂದು ಸೆಟ್, ಅಂದರೆ ಡಯಾಫ್ರಂ, ಸೊಲೆನಾಯ್ಡ್, ಪಿಎಚ್ ಎಲೆಕ್ಟ್ರೋಡ್, ಮೊದಲ ಸಾಮಾನಿನ ಜೊತೆಯಲ್ಲೇ ಬರಲಿ. ಎಲೆಕ್ಟ್ರೋಡನ್ನು ಒಣಗಲು ಬಿಟ್ಟರೆ ಹಾಳು, ಅದಕ್ಕೆಂದೇ ಇರುವ ದ್ರಾವಣದಲ್ಲಿ ಮುಳುಗಿಸಿಡಬೇಕು. ಪ್ರಯಾಣಕ್ಕೆ ಮುಂಚೆ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ. ವಿಮೆಯಲ್ಲಿ ಯುದ್ಧ ಹೊರತುಪಡಿಸಿದ್ದಾರೆಯೇ ಎಂದು ನೋಡಿ.

ಕೊಲ್ಲಿಗೂ ಮಲೇಷ್ಯಾಗೂ ಮಾಲು ಕಳಿಸುವವರಿಗೆ ಇನ್ನೊಂದು ಎಚ್ಚರ. ಯುಎಇ ಇಸ್ರೇಲಿ ಬಹಿಷ್ಕಾರದ ಕಾನೂನನ್ನು 2020ರಲ್ಲಿ ತೆಗೆದುಹಾಕಿತು, ಕುವೈತ್ ತೆಗೆದಿಲ್ಲ. ನಿಮ್ಮ ಯಂತ್ರದೊಳಗೆ ಇಸ್ರೇಲಿ ಭಾಗವಿದ್ದು ಅದು ಕುವೈತಿಗೆ ಹೋಗುವುದಾದರೆ ಸರಕು ಯಾವ ದೇಶದ್ದು ಎಂದು ಹೇಳುವ ಮೂಲದ ಪ್ರಮಾಣಪತ್ರದಲ್ಲೇ ತಡೆ ಬೀಳಬಹುದು. ಇಸ್ರೇಲಿನ ಜಿಮ್ ಕಂಪನಿಯ ಹಡಗುಗಳಿಗೆ ಮಲೇಷ್ಯಾ 2023ರ ಡಿಸೆಂಬರಿನಲ್ಲಿ ಬಂದರು ಮುಚ್ಚಿತು, ಆದ್ದರಿಂದ ಸರಕು ಸಾಗಿಸಿಕೊಡುವ ಫಾರ್ವರ್ಡರ್ ಯಾವ ಹಡಗಿಗೆ ಹಾಕುತ್ತಿದ್ದಾನೆ ಎಂಬುದನ್ನೂ ಕೇಳಬೇಕು.

ಪರೀಕ್ಷೆ ಮುಗಿದು ಸಾಧನ ಬೇಡ ಎಂದಾದರೆ ಅದನ್ನು ವಾಪಸ್ ಕಳಿಸುವವರು ಯಾರು, ಬಾಡಿಗೆ ಯಾರದ್ದು ಎಂಬುದನ್ನು ಶುರುವಿನಲ್ಲೇ ಬರೆದಿರಬೇಕು. ಕಟ್ಟಿದ ಆಮದು ಸುಂಕ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಭಾಗಶಃ ವಾಪಸ್ ಸಿಗುತ್ತದೆ: ಬಳಸದೇ ಹಿಂದಿರುಗಿಸಿದರೆ ಶೇ. 98, ಬಳಸಿದ್ದರೆ ಮೂರು ತಿಂಗಳೊಳಗೆ 95, ಆರು ತಿಂಗಳೊಳಗೆ 85, ಒಂಬತ್ತರೊಳಗೆ 75, ಹೀಗೆ ಇಳಿಯುತ್ತ 18 ತಿಂಗಳು ದಾಟಿದರೆ ಏನೂ ಇಲ್ಲ. ಬಂದ ಪೆಟ್ಟಿಗೆಯ ಸೀರಿಯಲ್ ನಂಬರು ಬಿಲ್ ಆಫ್ ಎಂಟ್ರಿಯಲ್ಲಿ ದಾಖಲಾಗಿದ್ದರೆ ಮಾತ್ರ ಅದೇ ಸಾಧನ ಇದು ಎಂದು ತೋರಿಸಲು ಆಗುತ್ತದೆ. ಹಾಗಾಗಿ ಸಾಮಾನು ಬರುವ ವಾರವೇ ಕಸ್ಟಮ್ಸ್ ಏಜೆಂಟಿಗೆ ನಂಬರುಗಳ ಪಟ್ಟಿ ಕೊಟ್ಟು ಸೇರಿಸಲು ಹೇಳಿ.